ಷಡ್ಡಕನ ನೂರಾ ನಾಲ್ಕು

"ಭಾವನದು ಇವತ್ತು ನೂರಾ ನಾಲ್ಕಂತೆ" ಎಂದಳು ಹೆಂಡತಿ, ಫೋನನ್ನು ಇನ್ನೂ ಕಿವಿಯಿಂದ ಇಳಿಸದೆ. ಆ ತುದಿಯಲ್ಲಿ ಅವಳಕ್ಕ ಇನ್ನೂ ಏನೇನೋ ಹೇಳುತ್ತಿದ್ದಿರಬೇಕು. ಇವಳು ಹೌದಾ, ಹೌದಾ ಎನ್ನುತ್ತ ಕಣ್ಣರಳಿಸುತ್ತಿದ್ದಳು, ಮನೆಯ ಮಗು ಪರೀಕ್ಷೆಯಲ್ಲಿ ಮೊದಲು ಬಂದ ಸುದ್ದಿ ಕೇಳಿದವಳ ಹಾಗೆ. ಅವನು ಬಾಯಲ್ಲಿ ಬ್ರಷ್ಷಿಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಉಗುಳುವುದಕ್ಕೆ ಬಚ್ಚಲಿಗೆ ಹೋದರೆ ಮುಂದಿನ ಮಾತು ತಪ್ಪಿಹೋಗುತ್ತದೆಂದು ನೊರೆಯನ್ನು ನುಂಗಿಬಿಟ್ಟ. ನೂರಾ ನಾಲ್ಕು. ನಿನ್ನೆ ನೂರಾ ಒಂಬತ್ತು. ಮೊನ್ನೆ ತೊಂಬತ್ತೆಂಟು; ಅವತ್ತಂತೂ ಅತ್ತೆಯೇ ಫೋನು ಮಾಡಿ, "ದೊಡ್ಡಳಿಯಂದಿರದು ಎರಡಂಕಿಗೆ ಇಳಿದಿದೆಯಂತೆ, ನೀವೂ ಸ್ವಲ್ಪ ಮನಸ್ಸು ಮಾಡಬೇಕಪ್ಪ" ಎಂದಿದ್ದಳು. ಮನಸ್ಸು ಮಾಡಬೇಕಂತೆ. ಸಕ್ಕರೆ ಇರುವುದು ರಕ್ತದಲ್ಲೋ ಮನಸ್ಸಿನಲ್ಲೋ ಎಂದು ಕೇಳಬೇಕೆನ್ನಿಸಿತ್ತು, ಕೇಳಲಿಲ್ಲ. ಅತ್ತೆಯ ಬಾಯಲ್ಲಿ ಅವನು ಚಿಕ್ಕಳಿಯ, ಷಡ್ಡಕ ದೊಡ್ಡಳಿಯ. ವಯಸ್ಸಿನಿಂದ ಬಂದ ಹೆಸರು ಈಗ ಅಳತೆಯ ಹೆಸರಾಗಿಬಿಟ್ಟಿತ್ತು. ನಿನ್ನೆ ಇವನದು ಇನ್ನೂರ ಹನ್ನೆರಡು. ಮಧ್ಯಾಹ್ನ ಮನೆಯಲ್ಲಿ ಊಟ ಮುಗಿಸಿ ಸರಿಯಾಗಿ ಎರಡು ಗಂಟೆ ಕಳೆದ ಮೇಲೆ, ಡಾಕ್ಟರಮ್ಮ ಹೇಳಿದ ಹಾಗೆಯೇ, ಹೆಂಡತಿ ಅವನ ಬೆರಳು ಹಿಡಿದು ಚುಚ್ಚಿ, ಮೀಟರಿನ ಪುಟ್ಟ ಕಿಟಕಿ ನೋಡಿ, ಏನೂ ಹೇಳದೆ ಡಬ್ಬಿಯ ಮುಚ್ಚಳ ಹಾಕಿದ್ದಳು. ಆ ಮುಚ್ಚಳದ ಟಕ್ಕೆನ್ನುವ ಸದ್ದಿಗಿಂತ ಅವಳು ಬಾಯಿಬಿಟ್ಟು ಬೈದಿದ್ದರೇ ವಾಸಿಯಿತ್ತು.

"ನಂದೆಷ್ಟು ಅಂತ ಹೇಳ್ದೆ ಅಕ್ಕಂಗೆ?"

"ಇದ್ದಿದ್ದು ಹೇಳ್ದೆ."

"ಏನಂದ್ಲು?"

"ಏನಂತಾಳೆ? ಪಾಪ ಅಂದ್ಲು."

ಪಾಪ. ಆ ಎರಡಕ್ಷರ ಅವನ ಹಿಂದೆಯೇ ಬಚ್ಚಲಿಗೂ ಬಂದವು, ಮುಖ ತೊಳೆದರೂ ಹೋಗಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡ. ಮೂವತ್ತು ದಾಟಿ ಇನ್ನೂ ಸರಿಯಾಗಿ ಕಾಲೂರಿಲ್ಲ, ಕೂದಲೆಲ್ಲ ಕಪ್ಪಗಿದೆ, ಎರಡಾಳಿನ ಗಾಜನ್ನು ಒಬ್ಬನೇ ಗೋಡೆಗೆ ಒರಗಿಸುವ ತೋಳಿದೆ. ಷಡ್ಡಕನಿಗೆ ನಲವತ್ತಾರು, ತಲೆ ನುಣ್ಣಗಾಗಿದೆ, ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ಬಾಗಿಲು ದಾಟುತ್ತದೆ, ಕೂತರೆ ಏಳುವಾಗ ಅಮ್ಮಾ ಎನ್ನುತ್ತಾನೆ. ನ್ಯಾಯ ಅನ್ನುವುದಿದ್ದರೆ ಇನ್ನೂರ ಹನ್ನೆರಡು ಯಾರದಾಗಬೇಕಿತ್ತು? ಆದರೆ ಆ ಮನುಷ್ಯನಿಗೆ ಎಲ್ಲವೂ ಹೀಗೆಯೇ, ಬೇಡಿದ್ದಕ್ಕಿಂತ ಒಂದು ಹಿಡಿ ಜಾಸ್ತಿ. ಕಾಯಿಲೆಯಲ್ಲೂ ಮರ್ಯಾದೆಯ ಕಾಯಿಲೆ. ಆಸ್ಪತ್ರೆಗೆ ಮೊದಲ ಸಲ ಹೋದಾಗಲೂ ಅವನೇ ಜೊತೆಗೆ ಬಂದಿದ್ದ. "ನಾಲ್ಕು ವರ್ಷದಿಂದ ಈ ಸಕ್ಕರೆ ಅಂಗಡಿ ನಡೆಸ್ತಾ ಇದೀನಿ, ನಂಗೆ ಎಲ್ಲಾ ಗೊತ್ತು ನಡಿ" ಎಂದು ನಕ್ಕು. ಡಾಕ್ಟರಮ್ಮ ರಿಪೋರ್ಟು ಬಿಡಿಸಿ, ಮೂರು ತಿಂಗಳ ಸರಾಸರಿ ಒಂಬತ್ತು ಪಾಯಿಂಟ್ ಎರಡಿದೆ ಎಂದರು. ಒಂಬತ್ತು! ಇವನು ಕುರ್ಚಿಯ ತುದಿಯಲ್ಲಿ ಕೂತಿದ್ದವನು ಹಿಂದಕ್ಕೊರಗಿ, "ಒಂಬತ್ತೇನಾ? ನಾನೆಲ್ಲೋ ನೂರಿನ್ನೂರು ಅಂತ ಹೆದರಿಕೊಂಡಿದ್ದೆ" ಎಂದು ಹಲ್ಲು ಬಿಟ್ಟಿದ್ದ. ಷಡ್ಡಕ ನಕ್ಕ. ಕೆಟ್ಟ ನಗುವಲ್ಲ, ಮಗುವಿನ ಮಾತಿಗೆ ನಗುವ ನಗು. ಅದೇ ಸಹಿಸಲಾಗದ್ದು. ಡಾಕ್ಟರಮ್ಮನೂ ಆ ಗಳಿಗೆಯಿಂದ ಇವನ ಕಡೆ ನೋಡುವುದನ್ನೇ ಬಿಟ್ಟು, ಅದು ಬೇರೆ ಅಳತೆ, ಆರೂವರೆಯ ಮೇಲೆ ಹೋದರೇ ಕಾಯಿಲೆ ಅಂತ ಅರ್ಥ, ಬೆರಳಿನದು ಆ ಗಳಿಗೆಯ ಲೆಕ್ಕ, ಇದು ಮೂರು ತಿಂಗಳ ಲೆಕ್ಕ ಎಂದು ಷಡ್ಡಕನಿಗೆ ಹೇಳತೊಡಗಿದರು. ರೋಗಿ ಇವನು, ತಲೆಯಾಡಿಸುವವನು ಅವನು. ಖಾಲಿ ಹೊಟ್ಟೆ ಎಂದೇನೋ ಬಂತು, ಊಟದ ನಂತರ ಎಂದೇನೋ ಬಂತು, ಮಾತ್ರೆ ನುಂಗಿ ತಿನ್ನದೆ ಇರಬಾರದು ಎಂದು ಬಂತು. ಇವನು ಷಡ್ಡಕನ ತಲೆ ಎಷ್ಟು ಸಲ ಆಡುತ್ತದೆಂದು ನೋಡುತ್ತ ಕೂತಿದ್ದ. ಶಾಲೆ ಬಿಟ್ಟಿದ್ದೇ ಹೀಗೆ ಮುಂದಿನ ಬೆಂಚಿನವರ ಆಡುವ ತಲೆಗಳನ್ನು ನೋಡಲಾರದೆ. ಮತ್ತೆ ಹೋಗಿ ಅಲ್ಲೇ ಕೂತ ಹಾಗಾಗಿತ್ತು.

ಅದಕ್ಕಿಂತ ಆ ಸಂಜೆಯದು ಹೆಚ್ಚು ಚುಚ್ಚಿತ್ತು. ಹೊಸ ಮೀಟರನ್ನು ತಂದು ಮೇಜಿನ ಮೇಲಿಟ್ಟು ಹೇಗೆ ನೋಡುವುದೆಂದು ಯಾರಿಗೂ ತಿಳಿಯದೆ ಇದ್ದಾಗ ಷಡ್ಡಕ ಕೈ ತೊಳೆದುಕೊಂಡು ಬಂದು ಕೂತ. "ಮೊದಲು ಕೈ ತೊಳೀಬೇಕು, ಒರೆಸಬೇಕು. ಬೆರಳಿನ ತುದಿಗಲ್ಲ, ಪಕ್ಕಕ್ಕೆ ಚುಚ್ಚಬೇಕು, ಅಲ್ಲಿ ನೋವು ಕಮ್ಮಿ. ಎಲ್ಲಿ, ಕೈ ಕೊಡು." ಕೈ ಕೊಡು ಎಂದದ್ದು ಇವನಿಗಲ್ಲ, ಇವನ ಹೆಂಡತಿಗೆ. ನೋಡುವವಳು ಅವಳಾದ್ದರಿಂದ ಅವಳಿಗೇ ಅಭ್ಯಾಸವಾಗಬೇಕಲ್ಲ. ಅವಳೂ ಕೊಟ್ಟಳು. ಉಂಗುರದ ಬೆರಳು. ಷಡ್ಡಕ ಆ ಬೆರಳನ್ನು ಬುಡದಿಂದ ತುದಿಗೆ ಮೆಲ್ಲಗೆ ಒತ್ತುತ್ತ ಬಂದ, ಟಿಕ್ ಎಂದಿತು ಸೂಜಿ, ಕೆಂಪು ಹನಿ ತಾನಾಗಿ ಎದ್ದು ನಿಂತಿತು. "ಅಯ್ಯೋ, ಗೊತ್ತೇ ಆಗ್ಲಿಲ್ಲ ಭಾವ!" ಎಂದು ಅವಳು ನಕ್ಕಳು. ತೊಂಬತ್ತೆರಡು. "ನೀನು ಚಿನ್ನ" ಎಂದ ಷಡ್ಡಕ. ಅದರಲ್ಲೇನೂ ಇರಲಿಲ್ಲ, ಇರಲಿಲ್ಲವೆಂದು ಅವನಿಗೂ ಗೊತ್ತು, ಆ ಮನುಷ್ಯ ಮದುವೆಯಾಗಿ ಬಂದಾಗ ಅವಳು ಇನ್ನೂ ಎರಡು ಜಡೆಯ ಹುಡುಗಿ. ಆದರೆ ಇವನ ಸರದಿ ಬಂದಾಗ ಗಾಜು ಹಿಡಿದು ದಪ್ಪಗಟ್ಟಿದ ಬೆರಳಿಂದ ರಕ್ತವೇ ಬರಲಿಲ್ಲ. ಮೂರು ಸಲ ಚುಚ್ಚಿದಳು. "ನಿಮ್ಮದು ಕಲ್ಲು ಬೆರಳು" ಎಂದಳು. ಷಡ್ಡಕನೂ ಅದೇ ಗಾಜು ಹಿಡಿಯುವವನು, ಹದಿನೈದು ವರ್ಷದಿಂದ ಹಿಡಿದವನು, ಅವನ ಬೆರಳನ್ನು ಇವಳು ನೋಡಿದ್ದಾಳೆಯೇ? ಕೊನೆಗೆ ಬಂದ ಹನಿಯನ್ನು ಪಟ್ಟಿ ಹೀರಿಕೊಂಡು ಇನ್ನೂರ ಅರವತ್ತೆಂಟು ಎಂದಿತು. ಇವನ ರಕ್ತ ಬಂದಾಗ ಯಾರೂ ನಗಲಿಲ್ಲ.

ಆದ್ದರಿಂದ ಈ ದಿನ ಬೆಳಿಗ್ಗೆ ಅವನ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ನಿನ್ನೆ ರಾತ್ರಿಯಿಂದಲೇ ಇರಲಿಲ್ಲ. ಅಂಗಡಿಯಲ್ಲಿ ಯಜಮಾನರು ತರಿಸಿದ್ದರು, ತಿಂದೆ ಎಂದು ಸುಳ್ಳು ಹೇಳಿ ಮಲಗಿದ್ದ. ಯೋಚನೆ ಬಹಳ ಸರಳವಾಗಿತ್ತು, ಸಿಟ್ಟಿನಲ್ಲಿ ಬರುವ ಯೋಚನೆಗಳೆಲ್ಲ ಸರಳವಾಗಿಯೇ ಇರುತ್ತವೆ: ತಿಂದರೆ ಏರುತ್ತದೆ, ಮಾತ್ರೆಗೆ ಇಳಿಯುತ್ತದೆ, ತಿನ್ನದೆ ಮಾತ್ರೆ ನುಂಗಿದರೆ ಇಳಿದೇ ಇಳಿಯುತ್ತದೆ. ನೂರಾ ನಾಲ್ಕಕ್ಕಿಂತ ಕೆಳಗೆ. ತೊಂಬತ್ತೆಂಟಕ್ಕಿಂತ ಕೆಳಗೆ. ಆಮೇಲೆ ಅತ್ತೆ ಫೋನು ಮಾಡಲಿ, ಆಮೇಲೆ ಅವಳಕ್ಕ ಪಾಪ ಅನ್ನಲಿ. "ತಿಂದು ಮಾತ್ರೆ ತಗೊಳ್ಳಿ" ಎಂದು ಹೆಂಡತಿ ತಟ್ಟೆ ಮುಂದಿಟ್ಟಾಗ, "ಹೊತ್ತಾಯ್ತು, ಕಟ್ಟಿಕೊಡು, ಅಲ್ಲೇ ತಿಂತೀನಿ" ಎಂದ. ಒಂದು ಮಾತ್ರೆಯನ್ನು ಅವಳೆದುರೇ ನುಂಗಿದ. ಇನ್ನೊಂದನ್ನು ಬಚ್ಚಲಲ್ಲಿ, ನಲ್ಲಿಯ ನೀರಿನಲ್ಲಿ. ಮೀಟರನ್ನೂ ಪಟ್ಟಿಯ ಡಬ್ಬಿಯನ್ನೂ ಅಂಗಿಯ ಒಳಜೇಬಿಗೆ ಹಾಕಿಕೊಂಡು ಹೊರಟ. ಮೆಟ್ಟಿಲಿಳಿಯುವಾಗ ಹೆಂಡತಿ ಮೇಲಿನಿಂದ, "ಭಾವನ ಜೊತೆಗೇ ಬಂದ್ಬಿಡಿ, ಅಕ್ಕ ಸಂಜೆ ನಮ್ಮನ್ನ ಊಟಕ್ಕೆ ಕರೆದಿದಾಳೆ, ಅಮ್ಮನೂ ಇರ್ತಾಳೆ" ಎಂದು ಕೂಗಿದಳು. ಸಂಜೆ ಬರುತ್ತೇನೆ, ಬರದೇ ಇರುತ್ತೇನೆಯೇ, ಅಂಕಿ ಹಿಡಿದುಕೊಂಡೇ ಬರುತ್ತೇನೆ ಎಂದುಕೊಂಡ.

ಗಾಜಿನಂಗಡಿಯ ಹಿಂದುಗಡೆಯ ಶೆಡ್ಡಿನಲ್ಲಿ ಹಾಳೆಗಳು ಮರದ ಚೌಕಟ್ಟುಗಳಿಗೆ ಒರಗಿ ಪುಸ್ತಕದ ಪುಟಗಳ ಹಾಗೆ ನಿಂತಿದ್ದವು, ಅಂಚುಗಳಲ್ಲಿ ಮಾತ್ರ ಹಸಿರು. ಷಡ್ಡಕ ಆಗಲೇ ಬಂದು ಹಾಳೆಯೊಂದರ ಅಂಚಿಗೆ ಪಟ್ಟಿ ಸುತ್ತುತ್ತಿದ್ದ. ಈ ಕೆಲಸಕ್ಕೆ ಇವನನ್ನು ಸೇರಿಸಿದ್ದೂ ಅವನೇ. ಎಲ್ಲೆಲ್ಲೋ ಜಗಳವಾಡಿ ಬಿಟ್ಟು ಮನೆಯಲ್ಲಿ ಕೂತಿದ್ದಾಗ ಕರೆದುಕೊಂಡು ಬಂದು, ಗಾಜು ಕೊಯ್ಯುವ ಚಕ್ರದ ಕತ್ತರಿಯನ್ನು ಕೈಗೆ ಕೊಟ್ಟು, ಒಂದೇ ಉಸಿರಿಗೆ ಒಂದೇ ಗೆರೆ, ಎರಡನೇ ಸಲ ಎಳೆದೆಯೋ ಕೆಟ್ಟೆ ಎಂದು ಕಲಿಸಿದವನು. ಹೊರುವ ಕೆಲಸದ ನಿಯಮವನ್ನು ಮೊದಲ ದಿನವೇ ಹೇಳಿದ್ದ. ದೊಡ್ಡ ಹಾಳೆಯನ್ನು ಇಬ್ಬರು ಹೊರಬೇಕು, ಒಬ್ಬ ಗಾಜಿನ ಈಚೆ, ಒಬ್ಬ ಆಚೆ. ಹೊರುವಾಗ ಮಾತಿಲ್ಲ. ಇಬ್ಬರಲ್ಲಿ ಯಾರಿಗೆ ಏನೇ ಆಗಲಿ, ಕೈ ಜಾರಲಿ, ಕಣ್ಣಿಗೆ ಬೆವರು ಬೀಳಲಿ, ಸುಮ್ಮನೆ ಮನಸ್ಸು ಅಳುಕಲಿ, ಒಂದೇ ಮಾತು: ಇಳಿಸು. ಅದು ಕೇಳಿದ್ದೇ ಇನ್ನೊಬ್ಬ ಇಳಿಸಬೇಕು. ಯಾಕೆ ಅಂತ ಕೇಳಕೂಡದು. ಆಗಲೂ ಕೇಳಕೂಡದು, ಇಳಿಸಿದ ಮೇಲೂ ಕೇಳಕೂಡದು. "ಕೇಳಿದ್ರೆ ನಾಚಿಕೆ ಆಗತ್ತೆ, ನಾಚಿಕೆ ಆದ್ರೆ ಮುಂದಿನ ಸಲ ಹೇಳಲ್ಲ. ಹೇಳದೆ ಇದ್ರೆ ಕುತ್ತಿಗೆ ಹೋಗತ್ತೆ" ಎಂದಿದ್ದ. ಷಡ್ಡಕ ಎಷ್ಟೋ ಸಲ ಇಳಿಸು ಎಂದಿದ್ದಾನೆ, ನಾಚಿಕೆಯಿಲ್ಲದೆ. ಇವನು ಒಂದು ಸಲವೂ ಅಂದಿಲ್ಲ. ಅದೊಂದು ಅವನ ಹತ್ತಿರ ಇದ್ದ ಗೆಲುವು.

"ಏನಯ್ಯಾ, ಸಕ್ಕರೆ ಕಾರ್ಖಾನೆಯ ಎರಡು ಶಾಖೆಗಳೂ ತೆರೆದಿವೆಯಾ?" ಯಜಮಾನರು ಗಲ್ಲಾದಿಂದಲೇ ಕೂಗಿದರು. "ಮೂರನೇ ಮಹಡಿ. ಲಿಫ್ಟಿನಲ್ಲಿ ಹಾಳೆ ಹಿಡಿಸಲ್ಲ, ಮೆಟ್ಟಿಲ ಮೇಲೇ ಹೋಗ್ಬೇಕು. ಒಡೆದರೆ ಇಬ್ಬರ ಸಕ್ಕರೇನೂ ಇಳಿಸ್ತೀನಿ."

"ಇವನದು ಇಳಿಸಿ ಸಾರ್" ಎಂದ ಷಡ್ಡಕ ಇವನ ಬೆನ್ನು ತಟ್ಟಿ, "ನಂದು ಆಗಲೇ ಇಳಿದಿದೆ."

ಎಲ್ಲರೂ ನಕ್ಕರು. ಅವನೂ ನಕ್ಕ, ನಗದಿದ್ದರೆ ಗೊತ್ತಾಗಿಬಿಡುತ್ತದಲ್ಲ. ವ್ಯಾನಿನ ಹಿಂಭಾಗದಲ್ಲಿ ಗಾಜಿನ ಪಕ್ಕ ಕೂತು ಹೋಗುವಾಗ ಬೆನ್ನಿನ ಆ ಜಾಗ ಸುಡುತ್ತಿತ್ತು. ಹಸಿವು ಮೊದಲು ಹಸಿವಿನ ಹಾಗೆಯೇ ಇತ್ತು, ಆಮೇಲೆ ಅದಕ್ಕೆ ಉಗುರು ಬಂತು. ಹೆಂಡತಿ ಕಟ್ಟಿಕೊಟ್ಟು ಚೀಲದಲ್ಲಿದ್ದ ಬ್ರೆಡ್ಡಿನ ವಾಸನೆ ಕಾಗದ ದಾಟಿ ಬಂದು ಮೂಗಿನಲ್ಲಿ ಕೂತಿತು. ರಸ್ತೆಯ ಬದಿಯಲ್ಲಿ ಒಬ್ಬ ಹೆಂಗಸು ಬಾಳೆಹಣ್ಣು ಸುಲಿಯುತ್ತ ನಡೆಯುತ್ತಿದ್ದಳು. ಅವಳ ಮೇಲೆ ಯಾಕೋ ಕೊಲ್ಲುವಷ್ಟು ಸಿಟ್ಟು ಬಂತು. ಷಡ್ಡಕ ಚಾಲಕನ ಪಕ್ಕ ಕೂತು ಶಿಳ್ಳೆ ಹಾಕುತ್ತಿದ್ದ. ಮಾವನ ಮನೆಯ ಜಗುಲಿಯಲ್ಲೂ ಹೀಗೆಯೇ ಶಿಳ್ಳೆ ಹಾಕುತ್ತಾನೆ, ಮನೆ ತನ್ನದೇ ಎನ್ನುವ ಹಾಗೆ. ಮದುವೆಯಾದ ಹೊಸತರಲ್ಲಿ ಇವನೂ ಒಂದು ಸಲ ಅಲ್ಲಿ ಶಿಳ್ಳೆ ಹಾಕಿ ನೋಡಿದ್ದ. ಯಾರದು ಹೊರಗೆ ಎಂದು ಮಾವ ಒಳಗಿನಿಂದ ಕೇಳಿದ್ದರು.

ಆ ಕಟ್ಟಡದ ನೆಲಮಹಡಿಯ ಶೌಚಾಲಯದಲ್ಲಿ ಚಿಲಕ ಹಾಕಿಕೊಂಡು ಅವನು ಮೀಟರು ತೆಗೆದ. ಮೇಲೆ ಯಾವುದೋ ಕಚೇರಿಗೆ ಹೊಸ ಗೋಡೆಗಳೆಲ್ಲ ಗಾಜಿನವಂತೆ. ಕೆಳಗೆ ಮಾತ್ರ ಬಣ್ಣದ ಡಬ್ಬಿಗಳು, ಸಿಮೆಂಟಿನ ಧೂಳು. ಕೈ ತೊಳೆದ. ಒರೆಸಲು ಏನೂ ಇರಲಿಲ್ಲ, ಅಂಗಿಯ ಒಳಮೈಗೆ ಒರೆಸಿಕೊಂಡ. ಚುಚ್ಚಿದ. ಈ ಸಲ ರಕ್ತ ತಾನಾಗಿ ಬಂತು, ಒಂದೇ ಏಟಿಗೆ, ಗುಂಡಗೆ, ಹೆಂಡತಿಯ ಬೆರಳಿನಲ್ಲಿ ಬಂದ ಹಾಗೆ. ಶುಭ ಎಂದುಕೊಂಡ. ಪಟ್ಟಿ ಹೀರಿತು. ಕಿಟಕಿಯಲ್ಲಿ ಗೆರೆಗಳು ಓಡಿದವು, ನಿಂತವು. ಐವತ್ತನಾಲ್ಕು.

ಐವತ್ತನಾಲ್ಕು! ಅವನು ಗೋಡೆಗೆ ಒರಗಿ ನಿಂತುಬಿಟ್ಟ. ಮೊಣಕಾಲು ನಡುಗುತ್ತಿತ್ತು, ಅದು ಸಂತೋಷಕ್ಕೇ ಇರಬೇಕು. ಹಣೆಯಲ್ಲಿ ತಣ್ಣನೆಯ ಬೆವರು, ಅದೂ ಸಂತೋಷದ್ದೇ. ನೂರಾ ನಾಲ್ಕರ ಸುಮಾರು ಅರ್ಧ. ಷಡ್ಡಕ ನಾಲ್ಕು ವರ್ಷ ಸಾಧಿಸಿ ತೊಂಬತ್ತೆಂಟು ತಂದ, ಇವನು ಒಂದೇ ರಾತ್ರಿಗೆ ಐವತ್ತನಾಲ್ಕು. ಮೀಟರು ಪೀಂ ಪೀಂ ಎಂದು ಎರಡು ಸಲ ಕೂಗಿತು. ಇಷ್ಟು ದಿನ ಕೂಗಿರಲಿಲ್ಲ. ಗೆದ್ದವರಿಗೆ ಮಾತ್ರ ಕೂಗುತ್ತದೇನೋ. ಹೆಂಡತಿಗೆ ಫೋನು ಮಾಡಲೆಂದು ಜೇಬಿಗೆ ಕೈ ಹಾಕಿದ. ಬೇಡ, ಸಂಜೆ, ಎಲ್ಲರೂ ಸುತ್ತ ಕೂತಿರುವಾಗ, ಅತ್ತೆಯೂ ಇರುವಾಗ, ಸುಮ್ಮನೆ ಮೇಜಿನ ಮೇಲೆ ಇಡಬೇಕು, ಏನೂ ಹೇಳಬಾರದು. ಷಡ್ಡಕನ ಮುಖವನ್ನು ಮಾತ್ರ ನೋಡಬೇಕು. ಆ ಮುಖವನ್ನು ಈಗಲೇ ನೋಡುತ್ತಿರುವವನ ಹಾಗೆ ಅವನು ಒಬ್ಬನೇ ನಗತೊಡಗಿದ. ತುಟಿಗಳು ಮರಗಟ್ಟಿದ್ದವು, ನಗು ಎಲ್ಲಿಗೆ ಮುಟ್ಟಿತೆಂದು ತಿಳಿಯಲಿಲ್ಲ.

"ಸತ್ತೋದ್ಯೇನೋ ಒಳಗೆ? ಬಾರೋ" ಎಂದು ಹೊರಗಿನಿಂದ ಬಾಗಿಲು ಬಡಿದ ಷಡ್ಡಕ.

ಕೈಗವಸು ಹಾಕಿಕೊಂಡರು. ಹಾಳೆಯ ಕೆಳಗೆ ಎತ್ತುವ ಪಟ್ಟೆಗಳನ್ನು ಹಾಯಿಸಿದರು. ಕೆಳಗಿನ ಮೆಟ್ಟಿಲು ಯಾವಾಗಲೂ ಷಡ್ಡಕನದೇ, ಏಕೆಂದರೆ ಹತ್ತುವಾಗ ಭಾರವೆಲ್ಲ ಕೆಳಗಿನವನ ಮೇಲೆ ಬರುತ್ತದೆ, ಜಾರಿದರೆ ಗಾಜು ಬರುವುದೂ ಅವನ ಮೇಲೆಯೇ. ನನಗೆ ಕೊಡು ಎಂದು ಇವನು ಕೇಳಿದಾಗಲೆಲ್ಲ, "ನಿನ್ನ ಹೆಂಡ್ತಿ ಚಿಕ್ಕವಳು, ನನ್ನವಳು ಹೇಗೋ ಸುಧಾರಿಸ್ತಾಳೆ" ಎಂದು ತಮಾಷೆ ಮಾಡಿ ತಾನೇ ಕೆಳಗೆ ನಿಲ್ಲುತ್ತಿದ್ದ. ಅಪಾಯವನ್ನು ಕೂಡ ಬಿಟ್ಟುಕೊಡದ ಮನುಷ್ಯ. ಎತ್ತು ಎಂದ. ಎತ್ತಿದರು. ಮೊದಲ ಮಹಡಿಯವರೆಗೆ ಸರಿಯಾಗಿಯೇ ಹೋಯಿತು. ಇವನು ಮೇಲೆ, ಹಿಮ್ಮುಖವಾಗಿ, ಹಿಮ್ಮಡಿಯಿಂದ ಮೆಟ್ಟಿಲನ್ನು ತಡವುತ್ತ. ಅವನು ಕೆಳಗೆ, ಗಾಜಿನ ಆಚೆ. ಗಾಜಿನಲ್ಲಿ ಎರಡು ಮುಖಗಳು. ಒಂದು ಆಚೆಯದು, ಷಡ್ಡಕನದು, ಬೆವರಿ ಕೆಂಪಾದದ್ದು. ಅದರ ಮೇಲೆ ತೇಲುತ್ತಿದ್ದದ್ದು ಇವನದು, ಬಿಳಚಿಕೊಂಡದ್ದು. ಇವನ ಕಣ್ಣುಗಳು ಅವನ ನುಣ್ಣನೆ ತಲೆಯ ಮೇಲೆ ಕೂತಿದ್ದವು. ಇವನ ಬಾಯಿ ಇರುವಲ್ಲಿ ಅವನ ಹಣೆ. ಎರಡನೇ ತಿರುವಿನಲ್ಲಿ ಕಿಟಕಿಯ ಬೆಳಕು ಬಂದು ಗಾಜೆಲ್ಲ ಬಿಳಿಯಾಯಿತು, ಬೆಳಕು ಸರಿದ ಮೇಲೂ ಬಿಳಿಯ ಚುಕ್ಕೆಗಳು ಉಳಿದವು, ಸೊಳ್ಳೆಗಳ ಹಾಗೆ ಕುಣಿದವು. ಕೈಗವಸಿನ ಒಳಗೆ ಕೈಗಳು ಒದ್ದೆಯಾಗಿ ಬೇರೆ ಯಾರದೋ ಕೈಗಳಾಗಿದ್ದವು. ಅವು ನಡುಗುತ್ತಿದ್ದವು. ಆ ನಡುಕ ಗಾಜಿಗೆ ಹತ್ತಿ, ಗಾಜು ಸಣ್ಣದಾಗಿ ಗುಂಯ್ಗುಟ್ಟತೊಡಗಿತು.

ಇಳಿಸು ಎನ್ನಬೇಕು. ಅದು ಅವನಿಗೆ ಗೊತ್ತಿತ್ತು, ಬಹಳ ಸ್ಪಷ್ಟವಾಗಿ, ಪಕ್ಕದ ಕೋಣೆಯಲ್ಲಿ ಯಾರೋ ಓದಿ ಹೇಳುತ್ತಿರುವ ಹಾಗೆ ಗೊತ್ತಿತ್ತು. ಗಾಜಿನ ಕೆಳ ಅಂಚಿನ ಹತ್ತಿರ ಷಡ್ಡಕನ ಕುತ್ತಿಗೆ. ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು. ಕುತ್ತಿಗೆಯ ಪಕ್ಕದಲ್ಲಿ ಒಂದು ನರ ಉಬ್ಬಿ ಇಳಿಯುತ್ತಿತ್ತು. ಅಲ್ಲಿ ಹರಿಯುವುದು ನೂರಾ ನಾಲ್ಕು. ಇಳಿಸು ಎಂದರೆ ಅವನು ಇಳಿಸುತ್ತಾನೆ, ಕೇಳುವುದೂ ಇಲ್ಲ; ಆದರೆ ಸಂಜೆ ನಗುತ್ತ, ಬಡಿಸಿಕೊಳ್ಳುತ್ತ, ಇವತ್ತು ನಮ್ಮ ಚಿಕ್ಕಳಿಯಂದ್ರೂ ಇಳಿಸು ಅಂದ್ರು ಎನ್ನುತ್ತಾನೆ. ಹಾಗೆನ್ನುವ ಮನುಷ್ಯನಲ್ಲವೆಂದೂ ಗೊತ್ತಿತ್ತು. ಆದರೂ ಹೆಂಡತಿ ಪಾಪ ಎನ್ನುವುದು ಕೇಳಿಸಿತು. ನಾಲಿಗೆ ಹಲ್ಲಿನ ಹಿಂದೆ ಒಂದು ಒದ್ದೆ ಬಟ್ಟೆಯ ಹಾಗೆ ಬಿದ್ದಿತ್ತು. ಎತ್ತಬಹುದಿತ್ತು ಅದನ್ನು. ಅದು ಅಷ್ಟೇನೂ ಭಾರವಿರಲಿಲ್ಲ. ಅವನು ಎತ್ತಲಿಲ್ಲ. ಇನ್ನೊಂದು ಮೆಟ್ಟಿಲು ಹತ್ತಿದ. ಬೀಳಲಿ ಎಂದುಕೊಂಡನೇ? ಹಾಗೆ ಅಕ್ಷರಗಳಲ್ಲಿ ಅಂದುಕೊಳ್ಳಲಿಲ್ಲ. ಆ ನರವನ್ನು ಮಾತ್ರ ನೋಡುತ್ತಿದ್ದ, ಕಣ್ಣು ಕೀಳದೆ, ನೋಡುತ್ತ ಇನ್ನೊಂದು ಮೆಟ್ಟಿಲು ಹತ್ತಿದ.

"ಇಳಿಸು."

ಅದು ಆಚೆಯಿಂದ ಬಂದಿತ್ತು. ಒಂದು ಗಳಿಗೆ ತಾನೇ ಅಂದೆನೋ ಎನ್ನಿಸಿತು, ಏಕೆಂದರೆ ಗಾಜಿನಲ್ಲಿ ಷಡ್ಡಕನ ಬಾಯಿ ಅಲುಗಿದಾಗ ಅದರ ಮೇಲೆ ಇವನ ಗಂಟಲಿತ್ತು. ಷಡ್ಡಕ ಅಷ್ಟರಲ್ಲಿ ಭಾರವನ್ನೆಲ್ಲ ಭುಜಕ್ಕೆ ತೆಗೆದುಕೊಂಡು, ಕಾಲಿನಿಂದ ಮರದ ತುಂಡು ಎಳೆದು, ಹಾಳೆಯನ್ನು ಗೋಡೆಗೆ ಒರಗಿಸಿಯಾಗಿತ್ತು. ಇವನು ಮೆಟ್ಟಿಲ ಮೇಲೆ ಕುಸಿದು ಕೂತ. ಕೈಗಳು ಗಾಜನ್ನು ಹಿಡಿದ ಭಂಗಿಯಲ್ಲೇ ಗಾಳಿಯನ್ನು ಹಿಡಿದುಕೊಂಡಿದ್ದವು.

"ಎಷ್ಟಿದೆ?" ಷಡ್ಡಕ ಎದುರು ಮಂಡಿಯೂರಿ ಕೂತು ಕೇಳಿದ. "ಲೋ, ನಿನ್ನೇ ಕೇಳ್ತಿರೋದು. ನೋಡಿದ್ಯಾ? ಎಷ್ಟಿದೆ?"

ಇದೇ ಗಳಿಗೆ. ಸಂಜೆ ಬೇಕಾಗಿಲ್ಲ, ಈಗಲೇ. "ಐವತ್ತ್... ನಾಲ್ಕು" ಎಂದ, ಕುಡಿದವನ ನಾಲಿಗೆಯಲ್ಲಿ. "ನಿಂದು ನೂರಾ ನಾಲ್ಕು. ನಂದು ಐವತ್ನಾಲ್ಕು." ಷಡ್ಡಕನ ಮುಖ ನೋಡಿದ. ಅಲ್ಲಿ ಸೋಲು ಇರಲಿಲ್ಲ. ಭಯವಿತ್ತು, ಅಪ್ಪಟ, ನೆರೆಮನೆಯ ಮಗು ರಸ್ತೆಗೆ ಓಡಿದಾಗ ಬರುವ ಭಯ. ಅವನು ಕೆನ್ನೆಗೆ ಹೊಡೆಯುವವನ ಹಾಗೆ ಕೈ ಎತ್ತಿದ. ಆ ಕೈ ಕೆನ್ನೆಯನ್ನು ಹಿಡಿದು ದವಡೆ ಬಿಡಿಸಿತು, ಇನ್ನೊಂದು ಕೈ ಜೇಬಿನಿಂದ ಪೆಪ್ಪರ್‌ಮೆಂಟು ತೆಗೆದು ಹಲ್ಲಿನಿಂದಲೇ ಕಾಗದ ಕಿತ್ತು ಬಾಯಿಗೆ ತುರುಕಿತು. ಒಂದು, ಇನ್ನೊಂದು, ಮತ್ತೊಂದು. "ಅಗಿ. ಚೀಪಬೇಡ, ಅಗಿ! ಹಲ್ಲಿಲ್ವಾ?"

ಅಗಿದ. ಎರಡು ತಿಂಗಳಿಂದ ನಾಲಿಗೆಗೆ ಸಿಹಿ ಮುಟ್ಟಿರಲಿಲ್ಲ. ಅದು ಬಾಯಿಯ ಮೂಲೆಮೂಲೆಗೆ ಓಡಿ ಬಾಗಿಲುಗಳನ್ನೆಲ್ಲ ತೆರೆಯಿತು. ಕಣ್ಣಲ್ಲಿ ನೀರು ಬಂತು. ಆ ಸಿಹಿ ಷಡ್ಡಕನ ಜೇಬಿನದು ಎನ್ನುವುದು ನೆನಪಾಗಿ ಉಗುಳಬೇಕೆನ್ನಿಸಿತು, ಉಗುಳಲಿಲ್ಲ. ಅಂಟಿದ್ದ ಚೂರನ್ನು ನಾಲಿಗೆ ತಾನಾಗಿ ಹುಡುಕಿ ಹುಡುಕಿ ನೆಕ್ಕುತ್ತಿತ್ತು, ನಾಚಿಕೆಗೆಟ್ಟು.

"ನಿಂಗೂ ಆಗಿದ್ಯಾ ಹೀಗೆ?" ಸ್ವಲ್ಪ ಹೊತ್ತಿನ ಮೇಲೆ ಕೇಳಿದ. ಮಾತು ಮತ್ತೆ ತನ್ನದಾಗಿತ್ತು.

"ಆಗಿದ್ದಕ್ಕೇ ಅಲ್ವಾ ಜೇಬಲ್ಲಿ ಇಟ್ಕೊಂಡಿರೋದು. ಒಂದ್ಸಲ ಬಸ್ಸಲ್ಲಿ ಬಿದ್ದಿದ್ದೆ, ಕುಡುಕ ಅಂತ ಇಳಿಸಿಬಿಟ್ರು." ಷಡ್ಡಕ ಅವನ ಚೀಲದಿಂದ ಬ್ರೆಡ್ಡಿನ ಪೊಟ್ಟಣ ತೆಗೆದು ಬಿಡಿಸುತ್ತಿದ್ದ. ಬಿಚ್ಚದ ಗಂಟು ನೋಡಿ ಎಲ್ಲವೂ ಅರ್ಥವಾದವನ ಹಾಗೆ ಅವನತ್ತ ತಿರುಗಿದ. "ಎಪ್ಪತ್ತರ ಕೆಳಗೆ ಹೋಯ್ತು ಅಂದ್ರೆ ಅದು ಗುಂಡಿ ಕಣೋ. ಮೇಲೆ ಹೋದ್ರೆ ನಿಧಾನಕ್ಕೆ ತಿನ್ನತ್ತೆ, ಕೆಳಗೆ ಹೋದ್ರೆ ನಿಂತ ಕಾಲಲ್ಲೇ ಎಳ್ಕೊಳತ್ತೆ. ಕಮ್ಮಿ ಬಂದೋನು ಗೆದ್ದ ಅಂತ ಯಾರು ಹೇಳಿದ್ರು ನಿಂಗೆ?"

"ಎಲ್ರೂ."

ಷಡ್ಡಕ ಬ್ರೆಡ್ಡನ್ನು ಅವನ ಕೈಗೆ ಕೊಟ್ಟ. "ಎಲ್ರೂ ಅಂದ್ರೆ?"

"ನಿಂದು ನೂರಾ ನಾಲ್ಕು, ನಂದು ಇನ್ನೂರ ಹನ್ನೆರಡು. ದಿನಾ ಬೆಳಿಗ್ಗೆ. ನನ್ನ ಹೆಂಡ್ತಿ ಬಾಯಲ್ಲಿ."

ಷಡ್ಡಕ ಅವನನ್ನೇ ನೋಡಿದ. ಆಮೇಲೆ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತು ಎರಡೂ ಕೈಗಳಿಂದ ಬೋಳು ತಲೆಯನ್ನು ಒರೆಸಿಕೊಂಡ. "ನಾನು ನೋಡೋದು ಎದ್ದ ತಕ್ಷಣ. ಖಾಲಿ ಹೊಟ್ಟೇದು. ನಿಂದು ಊಟ ಆದ್ಮೇಲಿಂದು. ಅದನ್ನೂ ಇದನ್ನೂ ಪಕ್ಕದಲ್ಲಿಟ್ಟು ನೋಡ್ತಾರೇನೋ ಯಾರಾದ್ರೂ? ಡಾಕ್ಟರಮ್ಮ ಅಷ್ಟು ಹೊತ್ತು ಹೇಳಿದ್ರಲ್ಲ."

"ನಿಂಗೆ ಹೇಳಿದ್ರು. ನಂಗಲ್ಲ."

ಮೇಲಿನಿಂದ ಯಾರೋ ಗಾಜು ಬಂತಾ ಎಂದು ಕೂಗಿದರು, ಬರತ್ತೆ ಎಂದು ಇವನು ಕೂಗಿದ. ಬ್ರೆಡ್ಡು ಮುಗಿದ ಮೇಲೆ ಹಾಳೆಯನ್ನು ನಿಧಾನವಾಗಿ ಮೇಲಕ್ಕೆ ಮುಟ್ಟಿಸಿದರು. ಮಧ್ಯಾಹ್ನ ಅಲ್ಲಿಯೇ, ಸಿಮೆಂಟಿನ ಚೀಲಗಳ ಮೇಲೆ ಕೂತು ಇಬ್ಬರೂ ಊಟ ಮುಗಿಸಿದರು. ಷಡ್ಡಕ ಅಲ್ಲಿಂದಿಲ್ಲಿಗೆ ಓಡಾಡಿ ಅಳತೆ ತೆಗೆದುಕೊಂಡು ಬಂದ. ಇವನು ಕೂತಲ್ಲೇ ಕೂತು ಕಾದ. ಎರಡು ಗಂಟೆ ಕಳೆದ ಮೇಲೆ ಮೀಟರು ತೆಗೆದು ಅವನ ಮುಂದೆ ಹಿಡಿದ. "ಈಗ ನಿಂದು ನೋಡೋಣ."

ಬೇಡ ಎನ್ನುತ್ತಾನೆ ಎಂದುಕೊಂಡಿದ್ದ. ಷಡ್ಡಕ ಹೋಗಿ ಕೈ ತೊಳೆದುಕೊಂಡು ಬಂದು ಬೆರಳು ಚಾಚಿದ. ಉಂಗುರದ ಬೆರಳು. ತುದಿ ಕಲ್ಲಿನ ಹಾಗೆ, ಇವನದಕ್ಕಿಂತ ಗಟ್ಟಿ, ಪಕ್ಕದಲ್ಲೆಲ್ಲ ನಾಲ್ಕು ವರ್ಷಗಳ ಸಣ್ಣ ಕಪ್ಪು ಚುಕ್ಕೆಗಳು, ಇರುವೆ ಮುತ್ತಿದ ಹಾಗೆ. ಅವನು ಬೇಕಾದ್ದಕ್ಕಿಂತ ಜೋರಾಗಿ ಚುಚ್ಚಿದ. ಷಡ್ಡಕ ಮುಖ ಕಿವುಚಲಿಲ್ಲ. ಇನ್ನೂರ ಇಪ್ಪತ್ತೊಂದು.

ಅದನ್ನು ನೋಡಿದಾಗ ಎದೆಯೊಳಗೆ ಏನೋ ನಕ್ಕಿತು, ಅವನ ಅಪ್ಪಣೆಯಿಲ್ಲದೆ. ನನಗಿಂತ ಒಂಬತ್ತು ಜಾಸ್ತಿ. ಬೆಳಿಗ್ಗೆ ಸಾಯುವುದಿದ್ದವನು, ಕೊಲ್ಲುವುದಿದ್ದವನು, ಮಧ್ಯಾಹ್ನಕ್ಕೇ ಒಂಬತ್ತರ ಲೆಕ್ಕ ಹಾಕುತ್ತ ಕೂತಿದ್ದಾನೆ. ತನ್ನ ಮೇಲೆ ಅಸಹ್ಯವಾಯಿತು. ಅಸಹ್ಯದ ಅಡಿಯಲ್ಲಿ ಆ ನಗು ಇನ್ನೂ ಇತ್ತು.

"ಮನೇಲಿ ಹೇಳ್ಬೇಡ" ಎಂದ ಷಡ್ಡಕ, ಬೆರಳನ್ನು ಬಾಯಲ್ಲಿಟ್ಟು ಚೀಪುತ್ತ. ಅವನ ದನಿಯಲ್ಲಿ ಇವನೆಂದೂ ಕೇಳಿರದ ಒಂದು ಸಣ್ಣತನವಿತ್ತು. "ಬೆಳಗ್ಗಿಂದು ಚೆನ್ನಾಗ್ ಬರತ್ತೆ. ಅದೊಂದೇ ಹೇಳ್ತೀನಿ. ನಿನ್ನನ್ನ ನೋಡಿ ಕಲಿ ಅಂತ ಯಾರೂ ಹೇಳಲ್ಲ, ನನ್ನನ್ನ ನೋಡಿ ಕಲಿ ಅಂತಾರೆ. ಅದೂ ಕಷ್ಟಾನೇ ಕಣೋ."

ಇನ್ನೊಂದು ಹಾಳೆ ಉಳಿದಿತ್ತು. ಕೆಳಗೆ ಹೋಗಿ ಕೈಗವಸು ಹಾಕಿಕೊಳ್ಳುವಾಗ, "ಈ ಸಲ ಕೆಳಗೆ ನಾನು" ಎಂದ ಅವನು. ಷಡ್ಡಕ ತಮಾಷೆ ಮಾಡಲಿಲ್ಲ, ಅವನ ಕೈಗಳನ್ನೊಮ್ಮೆ ನೋಡಿದ, ನಡುಗುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಮೇಲಿನ ಮೆಟ್ಟಿಲಿಗೆ ಸರಿದ. ಎತ್ತಿದರು. ಭಾರವೆಂದರೆ ಏನೆಂದು ಇಷ್ಟು ದಿನ ಅವನಿಗೆ ಗೊತ್ತಿರಲಿಲ್ಲ. ಅದು ತೋಳಿಗೆ ಬರುವುದಲ್ಲ, ನೇರ ಎದೆಗೆ ಬಂದು ಒರಗುತ್ತದೆ. ಗಾಜಿನ ಅಂಚು ಅವನ ಗಂಟಲಿನ ಎದುರಿಗೇ ಇತ್ತು, ಹಸಿರಾಗಿ. ಇದನ್ನು ಈ ಮನುಷ್ಯ ಹದಿನೈದು ವರ್ಷದಿಂದ ಶಿಳ್ಳೆ ಹಾಕುತ್ತ ನೋಡಿದ್ದಾನೆ. ಬೆಳಿಗ್ಗೆಯೂ ಇದನ್ನೇ ನೋಡುತ್ತಿದ್ದ, ಇದರ ಹಿಂದೆ ನನ್ನ ಮುಖವನ್ನೂ. ಗಾಜೆಂದರೆ ಎರಡೂ ಕಡೆಯಿಂದ ಕಾಣುವ ವಸ್ತು. ಅದು ಈಗ ಹೊಳೆಯಿತು.

ಎರಡನೇ ತಿರುವು ಬಂತು. ಅದೇ ಕಿಟಕಿ. ಕೈ ಗಟ್ಟಿಯಾಗಿತ್ತು, ಕಾಲು ಗಟ್ಟಿಯಾಗಿತ್ತು, ಕಣ್ಣಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

"ಇಳಿಸು" ಎಂದ ಅವನು.

ಷಡ್ಡಕ ಇಳಿಸಿದ. ಹಾಳೆ ಗೋಡೆಗೆ ಒರಗಿತು. ಇಬ್ಬರೂ ನಿಂತರು, ಒಬ್ಬ ಆಚೆ, ಒಬ್ಬ ಈಚೆ. ಕೇಳುತ್ತಾನೇನೋ ಎಂದು ಕಾದ. ನಿಯಮ ನಿಯಮವೇ, ಷಡ್ಡಕ ಕಿಟಕಿಯ ಹೊರಗೆ ನೋಡುತ್ತ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಸರಿಮಾಡಿಕೊಳ್ಳುತ್ತಿದ್ದ. ಕೇಳಿದ್ದರೆ ಸುಳ್ಳು ಹೇಳಬಹುದಿತ್ತು.

"ಅಣ್ಣ, ಬೆಳಿಗ್ಗೆ ಕೈ ಸೋಲ್ತಿರೋದು ನಂಗೆ ಗೊತ್ತಾಗ್ತಿತ್ತು. ಆದ್ರೂ ನಾನು ಇಳಿಸು ಅನ್ಲಿಲ್ಲ."

ಷಡ್ಡಕ ಬಾಗಿ ಪಟ್ಟೆಯನ್ನು ಮುಂಗೈಗೆ ಸುತ್ತಿಕೊಂಡ, ಎಳೆದು ನೋಡಿದ.

"ಗೊತ್ತು" ಎಂದ. "ಎತ್ತು."